40 ಡಾಲರ್, ಒಂದು ಚೀಟಿ, 9 ವರ್ಷದ ಹುಡುಗ: ಕ್ರಿಸ್ಮಸ್‌ಗೆ ಏನು ಕೊಡಲಿ?

ಎಡಿಸನ್_ಅಮ್ಮ · ನವೆಂಬರ್ 17, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಗೆ ಬಂದು ಇದು ನಮಗೆ ಎರಡನೇ ಚಳಿಗಾಲ. ಮಗಳು ಎರಡನೇ ಕ್ಲಾಸು. ಅವಳ ಶಾಲೆಯ ಬಾಗಿಲ ಹತ್ತಿರ ಕ್ರಿಸ್ಮಸ್ ಮರ ಇಟ್ಟು, ಅದರ ತುಂಬಾ ದೇವದೂತರ ಆಕಾರದ ಚೀಟಿ ಕಟ್ಟಿದ್ದಾರೆ. ಒಂದೊಂದು ಚೀಟಿ ಒಂದೊಂದು ಮಗುವಿನದು. ಕಷ್ಟದಲ್ಲಿರುವ ಮನೆಯ ಮಕ್ಕಳು. ನಾನು ಪಕ್ಕದ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಮಗಳು ಒಂದು ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡಿದ್ದಳು. ಮನೆಗೆ ಬಂದ ಮೇಲೆ ಗೊತ್ತಾಯಿತು.

ಚೀಟಿಯಲ್ಲಿ ಇರುವುದು ಇಷ್ಟೇ:

ಹುಡುಗ, 9 ವರ್ಷ. ಕೋಟು 10/12. ಶೂ 3. ಬೇಕಾಗಿರುವುದು: ಚಳಿಗೆ ಕೋಟು. ಆಸೆ: ಸಾಕರ್, ಡೈನೋಸಾರ್.

ಮೇಲೊಂದು ನಂಬರು. ಹೆಸರಿಲ್ಲ.

ಮನೆಯಲ್ಲಿ ಒಬ್ಬರದೇ ಸಂಬಳ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಯಜಮಾನರೂ ನಾನೂ ಕೂತು ಲೆಕ್ಕ ಹಾಕಿದೆವು. 40 ಡಾಲರ್ ಎತ್ತಿಡಬಹುದು, ಅದಕ್ಕಿಂತ ಜಾಸ್ತಿ ಆಗಲ್ಲ. ಕೋಟು ತಗೊಂಡರೆ ದುಡ್ಡು ಅಲ್ಲಿಗೇ ಮುಗಿಯಿತು. ಆಟದ ಸಾಮಾನು ತಗೊಂಡರೆ ಹುಡುಗನಿಗೆ ಕೋಟು ಇಲ್ಲ. ಮಗಳು ಬೇರೆ "ಅಮ್ಮಾ, ಕೋಟು ಗಿಫ್ಟೇ ಅಲ್ಲ" ಅಂತ ಹಟ ಹಿಡಿದು ಕೂತಿದ್ದಾಳೆ. ಅವಳ ಕಣ್ಣು 35 ಡಾಲರಿನ ರಿಮೋಟ್ ಡೈನೋಸಾರ್ ಮೇಲೆ. ಅದು ಗರ್ಜಿಸುತ್ತದಂತೆ.

ಹಿಂದೆ ಮಾಡಿದವರು ಯಾರಾದರೂ ಇದ್ದರೆ ಹೇಳಿ. ಡಿಸೆಂಬರ್ ಮೊದಲ ವಾರದೊಳಗೆ ತಂದುಕೊಡಬೇಕು.

ಬೆಣ್ಣೆದೋಸೆ · ನವೆಂಬರ್ 17, ರಾತ್ರಿ 10:35

ಅಕ್ಕಾ, ಮೊದಲು ಒಳ್ಳೆ ಸುದ್ದಿ. ನ್ಯೂಜೆರ್ಸಿಯಲ್ಲಿ ಬಟ್ಟೆಗೆ ಸೇಲ್ಸ್ ಟ್ಯಾಕ್ಸ್ ಇಲ್ಲ. ಕೋಟಿನ ಮೇಲೆ ಬರೆದ ರೇಟೇ ಕೊನೆಯ ರೇಟು. ಆಟದ ಸಾಮಾನಿಗೆ ಮಾತ್ರ 6.625 ಪರ್ಸೆಂಟ್ ಸೇರುತ್ತದೆ. ಟೆಕ್ಸಾಸಿನಲ್ಲಿರುವ ನನಗೆ ನಿಮ್ಮನ್ನು ಕಂಡರೆ ಹೊಟ್ಟೆಕಿಚ್ಚು.

ಎರಡನೆಯದು, ಈಗಲೇ ಓಡಬೇಡಿ. ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ ಮಕ್ಕಳ ಕೋಟಿನ ಬೆಲೆ ಇಳಿಯುತ್ತದೆ. ಹೋದ ವರ್ಷ ಬರ್ಲಿಂಗ್‌ಟನ್ ಅನ್ನುವ ಬಟ್ಟೆ ಅಂಗಡಿಯಲ್ಲಿ ನನಗೆ 22 ಡಾಲರಿಗೆ ಸಿಕ್ಕಿತ್ತು, ಟೋಪಿ ಇರುವುದು. ಆದರೆ ಶನಿವಾರ ಸಂಜೆ ಹೊತ್ತಿಗೆ ಹೋದರೆ 10/12 ಸೈಜ್ ಖಾಲಿ ಆಗಿ 4 ಮತ್ತು 18 ಮಾತ್ರ ನೇತಾಡುತ್ತಿರುತ್ತವೆ.

ಮೂರನೆಯದು ನನ್ನ ಮಾನ ಹೋದ ಕಥೆ. ಇಲ್ಲಿಗೆ ಬಂದ ಹೊಸದರಲ್ಲಿ ಆಫೀಸಿನ ಮರದಿಂದ ನಾನೂ ಒಂದು ಚೀಟಿ ತಗೊಂಡಿದ್ದೆ. ಹುಡುಗಿ, 8 ವರ್ಷ, ಶೂ 2. ಅಂಗಡಿಗೆ ಹೋದೆ, 2 ಅಂತ ಬರೆದ ಡಬ್ಬ ಹುಡುಕಿದೆ, ಗುಲಾಬಿ ಬಣ್ಣದ್ದು ಚೆನ್ನಾಗಿತ್ತು, ತಗೊಂಡು ಬಂದೆ. ಮನೆಯಲ್ಲಿ ಡಬ್ಬ ತೆಗೆದು ನೋಡಿದ ಹೆಂಡತಿ ಹತ್ತು ನಿಮಿಷ ನಕ್ಕಳು. ಶೂ ನನ್ನ ಹೆಬ್ಬೆರಳಿಗೆ ಸರಿಯಾಗಿತ್ತು! ಕೂಸಿನ ಶೂ ಅದು.

ಇಲ್ಲಿ ಮಕ್ಕಳ ಶೂ ನಂಬರು 13ರ ತನಕ ಹೋಗಿ ಮತ್ತೆ 1ರಿಂದ ಶುರುವಾಗುತ್ತದೆ. ಅಂದರೆ 2 ಅನ್ನುವ ಸೈಜ್ ಎರಡು ಸಲ ಬರುತ್ತದೆ, ಕೂಸಿಗೊಂದು, ದೊಡ್ಡ ಮಗುವಿಗೊಂದು. ಕೆಲವು ಕಂಪನಿಗಳು ನಂಬರಿನ ಪಕ್ಕ ಸಿ, ವೈ ಅಂತ ಹಾಕುತ್ತವೆ. ವೈ ಇದ್ದರೆ ದೊಡ್ಡ ಮಕ್ಕಳದು. ನಿಮ್ಮ ಹುಡುಗನದು 3 ವೈ. ನೆನಪಿರಲಿ.

ಹಳ್ಳಿಹೈದ · ನವೆಂಬರ್ 18, ಬೆಳಗ್ಗೆ 6:15

ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ಒಂದು ಮಾತು. 40 ಡಾಲರ್ ಅಂದರೆ ನಮ್ಮಲ್ಲಿ ಮೂರು ಸಾವಿರ ರೂಪಾಯಿಗೂ ಮೇಲೆ. ನಮ್ಮ ಹಳ್ಳಿ ಶಾಲೆಯ ಒಂದು ಕ್ಲಾಸಿನ ಅಷ್ಟೂ ಮಕ್ಕಳಿಗೆ ನೋಟ್‌ಬುಕ್ಕು, ಪೆನ್ನು ಬರುತ್ತದೆ. ಅಮೆರಿಕದ ಹುಡುಗನಿಗೆ ಡೈನೋಸಾರ್ ಕೊಡಿಸುವ ಅಗತ್ಯ ಇದೆಯಾ? ಅಲ್ಲೂ ಬಡವರು ಇದ್ದಾರಾ?

ಎಡಿಸನ್_ಅಮ್ಮ · ನವೆಂಬರ್ 18, ಬೆಳಗ್ಗೆ 8:20

ಬೇಜಾರಿಲ್ಲ ಅಣ್ಣಾ. ನಾನೂ ಬಂದ ಹೊಸದರಲ್ಲಿ ಹಾಗೇ ಅಂದುಕೊಂಡಿದ್ದೆ. ನಮ್ಮ ಬಿಸಿಯೂಟದ ಹಾಗೆ ಇಲ್ಲೂ 1946ರಿಂದ ಶಾಲೆಯಲ್ಲಿ ಮಧ್ಯಾಹ್ನದ ಊಟದ ಸರ್ಕಾರಿ ಯೋಜನೆ ಇದೆ. ಸಂಬಳ ಕಡಿಮೆ ಇರುವ ಮನೆಯ ಮಕ್ಕಳಿಗೆ ದುಡ್ಡಿಲ್ಲದೆ ಕೊಡುತ್ತಾರೆ. ಮಗಳ ಪಕ್ಕ ಕೂರುವ ಹುಡುಗಿ ಹೋದ ಜನವರಿಯಲ್ಲಿ ಎರಡು ಸ್ವೆಟರ್ ಒಂದರ ಮೇಲೊಂದು ಹಾಕಿಕೊಂಡು ಬರುತ್ತಿದ್ದಳು. ಫ್ಯಾಷನ್ ಇರಬೇಕು ಅಂದುಕೊಂಡಿದ್ದೆ. ಕೋಟು ಇರಲಿಲ್ಲ, ಅಷ್ಟೇ.

ಊರಿನ ಶಾಲೆಗೆ ಜೂನ್‌ನಲ್ಲಿ ಕಳಿಸುತ್ತೇವೆ. ಆ ಲೆಕ್ಕ ಬೇರೆ ಇದೆ.

ಹಳ್ಳಿಹೈದ · ನವೆಂಬರ್ 18, ಬೆಳಗ್ಗೆ 8:41

ಹಂಗಾದರೆ ಸರಿ. ಮಾತು ವಾಪಸ್ ತಗೊಂಡೆ. ಆದರೂ ಗರ್ಜಿಸುವ ಡೈನೋಸಾರ್ ಬೇಡ, ನಾಲ್ಕು ಪುಸ್ತಕ ಕೊಡಿ. ಉಪಯೋಗಕ್ಕೆ ಬರುತ್ತದೆ.

ಮೂಡುಗಾಳಿ · ನವೆಂಬರ್ 18, ಮಧ್ಯಾಹ್ನ 1:05

ಹೌದು, ನಾನೂ ಅದನ್ನೇ ಹೇಳೋಣ ಅಂತಿದ್ದೆ. ಪುಸ್ತಕ, ಜಾಮೆಟ್ರಿ ಬಾಕ್ಸು, ಒಂದು ಒಳ್ಳೆ ಬ್ಯಾಗು. ಆಟದ ಸಾಮಾನು ಎರಡು ದಿನಕ್ಕೆ ಮುರಿದು ಹೋಗುತ್ತದೆ.

ಕುಡ್ಲದ_ಕುಸ್ವಾರ್ · ನವೆಂಬರ್ 18, ರಾತ್ರಿ 8:30

ಸುಮ್ನೆ ಓದಿ ಹೋಗುವ ಅಂತ ಇದ್ದೆ. ಜಾಮೆಟ್ರಿ ಬಾಕ್ಸ್ ಅಂದದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಏಳನೇ ಕ್ಲಾಸಿನಿಂದ ಹತ್ತರ ತನಕ ಹಾಸ್ಟೆಲಿನಲ್ಲಿ ಬೆಳೆದವಳು. ಅಪ್ಪ ಇರಲಿಲ್ಲ, ಅಮ್ಮ ಬೀಡಿ ಕಟ್ಟುತ್ತಿದ್ದರು. ನಮ್ಮ ಮಂಗಳೂರು ಕಡೆ ಕ್ರಿಸ್ಮಸ್ ಅಂದರೆ ಕುಸ್ವಾರ್, ಹಬ್ಬದ ತಿಂಡಿಗಳು. ಕಿಡಿಯೊ, ನೆವ್ರಿ, ತುಕ್ಡಿ, ಗುಳಿಯೊ, ರೋಸ್ ಕುಕ್ಕೀಸ್ ಎಲ್ಲ ತಟ್ಟೆಯಲ್ಲಿ ಹಾಕಿ, ಮೇಲೆ ಬಟ್ಟೆ ಮುಚ್ಚಿ, ಜಾತಿ ಧರ್ಮ ನೋಡದೆ ನೆರೆಮನೆಗೆಲ್ಲ ಕೊಟ್ಟು ಬರುವುದು. ಹಾಸ್ಟೆಲಿಗೂ ಬರುತ್ತಿತ್ತು. ಅದರಲ್ಲಿ ಯಾವ ತಕರಾರೂ ಇಲ್ಲ. ಈಗಲೂ ಕಿಡಿಯೊ ವಾಸನೆ ಬಂದರೆ ನಿಂತುಬಿಡುತ್ತೇನೆ.

ತಕರಾರು ಇದ್ದದ್ದು ಗಿಫ್ಟಿನಲ್ಲಿ. ನಾಲ್ಕು ವರ್ಷ, ನಾಲ್ಕು ಜಾಮೆಟ್ರಿ ಬಾಕ್ಸು. ಒಬ್ಬಳಿಗೆ ಎಷ್ಟು ಕೈವಾರ ಬೇಕು ಮಾರಾಯ್ರೆ? ಒಂದು ವರ್ಷ ಬಾಕ್ಸಿನ ಜೊತೆ ಸ್ಟೀಲ್ ತಟ್ಟೆಯನ್ನೂ ಕೊಟ್ಟರು. ನಡುವೆ ಕೊಟ್ಟವರ ಹೆಸರು ಕೊರೆಸಿದ್ದರು, ಚುಕ್ಕೆ ಚುಕ್ಕೆಯಾಗಿ ಹೊಡೀತಾರಲ್ಲ, ಹಾಗೆ. ಅನ್ನ ಮುಗಿಯುತ್ತಾ ಬಂದ ಹಾಗೆ ಒಂದೊಂದೇ ಅಕ್ಷರ ಕಾಣುತ್ತಿತ್ತು. ನಾವು ಹುಡುಗಿಯರು ಮೊದಲು ಕಡೆಯ ಅಕ್ಷರ ಯಾರಿಗೆ ಬರುತ್ತದೆ ಅಂತ ಪಂದ್ಯ ಕಟ್ಟುತ್ತಿದ್ದೆವು. ನಗು ಬರುತ್ತಿತ್ತು. ಆದರೆ ದಿನಾ ಎರಡು ಹೊತ್ತು ಆ ಹೆಸರು ಓದಿಯೇ ಏಳಬೇಕಿತ್ತು.

ನನಗೆ ಬೇಕಾಗಿದ್ದು ಸ್ಕಿಪಿಂಗ್ ಹಗ್ಗ. ಮರದ ಹಿಡಿ ಇರುವಂಥದ್ದು. ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ತಟ್ಟೆಗಿಂತ ಅಗ್ಗ ಇತ್ತು.

ನಿಮ್ಮ ಹುಡುಗನನ್ನು ಯಾರೋ ಕೇಳಿದ್ದಾರೆ. ಅವನೂ ಹೇಳಿದ್ದಾನೆ. ಸಾಕರ್, ಡೈನೋಸಾರ್. ಇಷ್ಟು ಕಷ್ಟಪಟ್ಟು ಬರೆದ ಮೇಲೂ ನಾವು ಇಲ್ಲಿ ಕೂತು "ಇಲ್ಲ ಇಲ್ಲ, ಅವನಿಗೆ ಪುಸ್ತಕ ಒಳ್ಳೆಯದು" ಅನ್ನುವುದಾದರೆ ಚೀಟಿ ಯಾಕೆ ಬೇಕು?

ಮೂಡುಗಾಳಿ · ನವೆಂಬರ್ 18, ರಾತ್ರಿ 9:10

ತಪ್ಪಾಯಿತು ಅಕ್ಕಾ. ನಾನೂ ಪ್ರತಿ ವರ್ಷ ಒಂದು ಅನಾಥಾಶ್ರಮಕ್ಕೆ ಜಾಮೆಟ್ರಿ ಬಾಕ್ಸೇ ಕೊಡುತ್ತಾ ಬಂದಿದ್ದೇನೆ. ಡಜನ್ ಲೆಕ್ಕದಲ್ಲಿ ತಗೊಂಡರೆ ಅಗ್ಗ ಅಂತ.

ಕುಡ್ಲದ_ಕುಸ್ವಾರ್ · ನವೆಂಬರ್ 18, ರಾತ್ರಿ 9:14

ತಪ್ಪು ಅಂತಲ್ಲ. ಜೂನಿನಲ್ಲಿ ಕೊಡಿ. ಶಾಲೆ ಶುರುವಾಗುವಾಗ ನಿಜವಾಗಿ ಬೇಕಾಗುತ್ತದೆ.

ಹುಬ್ಬಳ್ಳಿ_ಮಿರ್ಚಿ · ನವೆಂಬರ್ 19, ಬೆಳಗ್ಗೆ 7:00

ಅಕ್ಕಾರ, ನಾನು ಎರಡು ವರ್ಷ ಇಂಥ ಗಿಫ್ಟು ಬಂದು ಬೀಳುವ ಗೋದಾಮಿನಲ್ಲಿ ವಾಲಂಟಿಯರ್ ಆಗಿದ್ದೆ. ಚೀಟಿ ನಂಬರಿಗೆ ಚೀಲ ಹೊಂದಿಸುವ ಕೆಲಸ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ ನೋಡ್ರಿ.

ಮೊದಲು ಈ ಮರದ ವಿಷಯ. ಇದು ಸಾಲ್ವೇಷನ್ ಆರ್ಮಿ ಅನ್ನುವ ಕ್ರೈಸ್ತ ಸೇವಾ ಸಂಸ್ಥೆಯವರು 1979ರಲ್ಲಿ ವರ್ಜೀನಿಯಾದ ಲಿಂಚ್‌ಬರ್ಗ್ ಅನ್ನುವ ಊರಿನಲ್ಲಿ ಶುರು ಮಾಡಿದ್ದು. ದೇವದೂತರ ಚಿತ್ರ ಇದ್ದ ಗ್ರೀಟಿಂಗ್ ಕಾರ್ಡಿನ ಮೇಲೆ ಮಕ್ಕಳಿಗೆ ಏನು ಬೇಕು ಅಂತ ಬರೆದು, ಮಾಲ್‌ನಲ್ಲಿದ್ದ ಕ್ರಿಸ್ಮಸ್ ಮರಕ್ಕೆ ತೂಗುಹಾಕಿದ್ದರು. ಅದಕ್ಕೇ ಏಂಜೆಲ್ ಟ್ರೀ ಅಂತ ಹೆಸರು ಬಂತು. ಈಗ ಶಾಲೆ, ಚರ್ಚು, ಆಫೀಸು ಎಲ್ಲಾ ಕಡೆ ಅದೇ ಥರ ಮಾಡುತ್ತಾರೆ.

ಎಲ್ಲಕ್ಕಿಂತ ಮುಖ್ಯ: ಚೀಟಿ ಕಿತ್ತ ಮೇಲೆ ತಂದುಕೊಡಲೇಬೇಕು. ಚೀಟಿ ನಿಮ್ಮ ಜೇಬಿನಲ್ಲಿದ್ದರೆ ಮರದಲ್ಲಿ ಆ ಮಗು ಇಲ್ಲ, ಬೇರೆ ಯಾರೂ ಅದನ್ನು ತಗೊಳ್ಳಲಾರರು. ಡಿಸೆಂಬರ್ ಎರಡನೇ ವಾರದಲ್ಲಿ ಲಿಸ್ಟ್ ಹಿಡಿದು ಕೂತರೆ ಕೆಲವು ನಂಬರಿನ ಮುಂದೆ ಏನೂ ಇರುತ್ತಿರಲಿಲ್ಲ. ಆಗ ನಮ್ಮಲ್ಲಿ ಯಾರಾದರೂ ರಾತ್ರಿ ವಾಲ್‌ಮಾರ್ಟಿಗೆ ಓಡಬೇಕು. ಆಗದಿದ್ದರೆ ಈಗಲೇ ವಾಪಸ್ ಕಟ್ಟಿ ಬನ್ನಿ, ಯಾರೂ ಏನೂ ಅನ್ನಲ್ಲ.

ಪ್ಯಾಕ್ ಮಾಡಬೇಡಿ. ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ, "ನಿನ್ನ ಎಡಿಸನ್ ಆಂಟಿಯಿಂದ" ಅಂತ ಕಾರ್ಡ್ ಇಡಬೇಕು ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ ಈ ಚೀಲ ಹೋಗುವುದು ಮಗುವಿನ ಕೈಗಲ್ಲ, ಅಪ್ಪ ಅಮ್ಮನ ಕೈಗೆ. ಮಗು ಮಲಗಿದ ಮೇಲೆ ಅವರೇ ಸುತ್ತಿ ಮರದ ಕೆಳಗೆ ಇಡುತ್ತಾರೆ. ಬೆಳಗ್ಗೆ ಎದ್ದ ಮಗುವಿಗೆ ಅದು ಸಾಂಟಾ ತಂದದ್ದು, ಇಲ್ಲ ಅಮ್ಮ ತಂದದ್ದು. ನಾವು ಆ ಕಥೆಯಲ್ಲಿ ಇಲ್ಲವೇ ಇಲ್ಲ. ಒಂದು ಸಲ ಒಬ್ಬ ತಾಯಿ ಚೀಲದೊಳಗೆ ಕೈಹಾಕಿ, ಶೂ ತೆಗೆದು, ಅಂಗೈ ಅಗಲಿಸಿ ಅಳೆದು, ತಲೆ ಆಡಿಸಿ ಮತ್ತೆ ಒಳಗಿಟ್ಟರು. ಮಾತು ಆಡಲಿಲ್ಲ. ಸೈಜ್ ಸರಿ ಇತ್ತು ಅಂತ ನನಗೆ ಗೊತ್ತಾಯಿತು.

ನಿಮಗೆ ಅಷ್ಟೂ ಆಸೆ ಇದ್ದರೆ ಬಣ್ಣದ ಕಾಗದದ ಒಂದು ಸುರುಳಿ ಚೀಲದಲ್ಲಿ ಹಾಕಿ. ಆ ತಾಯಿಗೆ ಅದರದೊಂದು ಖರ್ಚು ಉಳಿಯುತ್ತದೆ.

ಕೋಟಿನ ಟ್ಯಾಗ್ ಕೀಳಬೇಡಿ. ಅಂಗಡಿಯಲ್ಲಿ ಗಿಫ್ಟ್ ರಸೀದಿ ಕೇಳಿ, ಅದರಲ್ಲಿ ಬೆಲೆ ಇರಲ್ಲ. ಸೈಜ್ ಆಗದಿದ್ದರೆ ಬದಲಾಯಿಸಿಕೊಳ್ಳಬಹುದು. ಬ್ಯಾಟರಿ ಬೇಕಾದ ಆಟದ ಸಾಮಾನಾದರೆ ಬ್ಯಾಟರಿಯನ್ನೂ ಇಡಿ. ಕ್ರಿಸ್ಮಸ್ ಬೆಳಗ್ಗೆ ಗರ್ಜಿಸದ ಡೈನೋಸಾರ್ ತಗೊಂಡು ಆ ಹುಡುಗ ಏನು ಮಾಡಬೇಕು? ನಿಮ್ಮ ರಿಮೋಟ್ ಡೈನೋಸಾರ್ ಬ್ಯಾಟರಿ ಸೇರಿದರೆ ನಿಮ್ಮ 40 ದಾಟುತ್ತದೆ, ಅದನ್ನೂ ನೋಡಿಕೊಳ್ಳಿ.

ಸಿಲ್ಕ್‌ಬೋರ್ಡ್_ಸಿಗ್ನಲ್ · ನವೆಂಬರ್ 19, ಬೆಳಗ್ಗೆ 10:20

ಒಳ್ಳೆ ಹೊತ್ತಿಗೆ ಸಿಕ್ಕಿತು ಈ ಚರ್ಚೆ. ಬೆಂಗಳೂರಿನಲ್ಲಿ ನಮ್ಮ ಆಫೀಸಿನ ಕ್ಯಾಂಟೀನಿನಲ್ಲೂ ಇಂಥದ್ದೇ ಮರ. ಮಕ್ಕಳು ಒಂದು ಬಾಲಮಂದಿರದವರು. ತಲೆಗೆ 600 ರೂಪಾಯಿ ಮಿತಿ. ನನಗೆ ಬಂದ ಚೀಟಿ: ಹುಡುಗಿ, 14 ವರ್ಷ, ವಾಚ್. ಒಂದೇ ಪದ. ನಮ್ಮ ಟೀಮಿನಲ್ಲಿ ದೊಡ್ಡ ಹುಡುಗರ, ಹುಡುಗಿಯರ ಚೀಟಿಯನ್ನು ಯಾರೂ ಮುಟ್ಟಲೇ ಇಲ್ಲ. ಎಲ್ಲರಿಗೂ 4 ವರ್ಷದ ಪಾಪುವೇ ಬೇಕು, ಟೆಡ್ಡಿ ತಗೊಂಡು ಮುಗಿಸಬಹುದಲ್ಲ.

ಇನ್ನೊಂದು ತಲೆನೋವು. ಎಚ್‌ಆರ್ ಕಡೆಯವರು ಗಿಫ್ಟ್ ಕೊಡುವಾಗ ಮಕ್ಕಳ ಜೊತೆ ಫೋಟೊ ತೆಗೆದು ಕಂಪನಿ ಪೇಜಿಗೆ ಹಾಕಬೇಕು ಅಂತಿದ್ದಾರೆ. ಬ್ಯಾನರ್ ಕೂಡ ರೆಡಿ. ಗಿಫ್ಟಿಗಿಂತ ಬ್ಯಾನರಿಗೇ ಜಾಸ್ತಿ ಖರ್ಚಾಗಿರಬೇಕು.

ವಕೀಲ್ಸಾಬ್ · ನವೆಂಬರ್ 19, ಮಧ್ಯಾಹ್ನ 12:02

ಫೋಟೊ ಬೇಡ. ಶಿಷ್ಟಾಚಾರದ ಮಾತಲ್ಲ ಇದು, ಕಾನೂನಿನ ಮಾತು. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಆರೈಕೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಗುರುತು ಸಿಗುವ ಹಾಗೆ ಪ್ರಕಟಿಸುವಂತಿಲ್ಲ. 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಈ ಸಾಲನ್ನು ನಿಮ್ಮ ಎಚ್‌ಆರ್‌ಗೆ ಇಮೇಲ್ ಮಾಡಿ. ಬ್ಯಾನರ್ ತಾನೇ ಸುತ್ತಿಕೊಳ್ಳುತ್ತದೆ.

ಸಿಲ್ಕ್‌ಬೋರ್ಡ್_ಸಿಗ್ನಲ್ · ನವೆಂಬರ್ 19, ಸಂಜೆ 5:48

ಮಾಡಿದೆ. ಸುತ್ತಿಕೊಂಡಿತು. ಧನ್ಯವಾದ ಸಾರ್.

ಗೊಂಬೆಊರು · ನವೆಂಬರ್ 19, ರಾತ್ರಿ 9:30

ಸಣ್ಣ ಮಕ್ಕಳ ಚೀಟಿ ಸಿಕ್ಕವರಿಗೆ ನಮ್ಮೂರ ಪರವಾಗಿ ಒಂದು ಮಾತು. ಟೆಡ್ಡಿ ಬಿಡಿ, ಚನ್ನಪಟ್ಟಣದ ಬುಗುರಿ, ಗಿಲಕಿ, ಎಳೆಯುವ ಗಾಡಿ ನೋಡಿ. ಹಾಲೆಮರದಲ್ಲಿ ಕಡೆದು ಅರಗಿನ ಬಣ್ಣ ಹಾಕಿದ್ದು. 300 ರೂಪಾಯಿ ಒಳಗೆ ಒಳ್ಳೆಯದೇ ಬರುತ್ತದೆ, ಬ್ಯಾಟರಿ ಗೊಡವೆ ಇಲ್ಲ. ಆದರೆ ಮೂರು ವರ್ಷದ ಕೆಳಗಿನವರಿಗಾದರೆ ಚಿಕ್ಕ ಮಣಿ, ಚಿಕ್ಕ ಚಕ್ರ ಕಳಚಿ ಬರುವಂಥದ್ದು ಬೇಡ. ಬಾಯಿಗೆ ಹಾಕಿಕೊಳ್ಳುತ್ತವೆ. ಮತ್ತೆ, 9 ವರ್ಷದವನಿಗೆ ಗಿಲಕಿ ಕೊಟ್ಟು ನನ್ನ ಹೆಸರು ಹೇಳಬೇಡಿ.

ಪುಟ್ಟಕ್ಕ · ನವೆಂಬರ್ 20, ಬೆಳಗ್ಗೆ 7:45

ನನ್ನದೊಂದು ಸಣ್ಣ ಪ್ರಶ್ನೆ, ಬೈಯಬೇಡಿ. ನಮ್ಮನೆ ಅಟ್ಟದಲ್ಲಿ ಮಗನ ಬರ್ತ್‌ಡೇಗೆ ಬಂದ ಆಟದ ಸಾಮಾನು, ಅವರಿವರು ಕೊಟ್ಟ ರಿಟರ್ನ್ ಗಿಫ್ಟು, ಡಬ್ಬ ಒಡೆಯದೆ ರಾಶಿ ಬಿದ್ದಿವೆ. ಅದನ್ನೇ ಕೊಟ್ಟರೆ ನಡೆಯುತ್ತಾ?

ಹುಬ್ಬಳ್ಳಿ_ಮಿರ್ಚಿ · ನವೆಂಬರ್ 20, ಬೆಳಗ್ಗೆ 8:30

ಡಬ್ಬ ಹೊಸದಾಗಿದ್ದರೆ ನಡೆಯುತ್ತದೆ, ಆದರೆ ಮರದ ಚೀಟಿಗಲ್ಲ. ಅಮೆರಿಕದಲ್ಲಿದ್ದರೆ ಟಾಯ್ಸ್ ಫಾರ್ ಟಾಟ್ಸ್ ಡಬ್ಬಕ್ಕೆ ಹಾಕಿ. ಅದು 1947ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮರೀನ್ ಸೈನಿಕರು ಶುರು ಮಾಡಿದ್ದು, ಹೊಸ ಆಟದ ಸಾಮಾನು ಯಾವುದಾದರೂ ತಗೊಳ್ಳುತ್ತಾರೆ. ಚೀಟಿ ಹಿಡಿದರೆ ಮಾತ್ರ ಅದರಲ್ಲಿ ಬರೆದದ್ದನ್ನೇ ಕೊಡಬೇಕು. ಅಟ್ಟ ಖಾಲಿ ಮಾಡುವುದು ಬೇರೆ ಕೆಲಸ. ಅದೂ ಒಳ್ಳೆ ಕೆಲಸವೇ ಬಿಡಿ.

ಹಳ್ಳಿಹೈದ · ನವೆಂಬರ್ 20, ಬೆಳಗ್ಗೆ 9:05

ಇನ್ನೊಂದು ಡೌಟು. ಇದೆಲ್ಲ ಚರ್ಚಿನವರದ್ದಲ್ವಾ? ನಾವು ಕೊಟ್ಟರೆ ಏನಾದರೂ ಅಂತಾರಾ?

ಕುಡ್ಲದ_ಕುಸ್ವಾರ್ · ನವೆಂಬರ್ 20, ಬೆಳಗ್ಗೆ 9:20

ಕೋಟಿಗೆ ಧರ್ಮ ಉಂಟಾ ಮಾರಾಯ್ರೆ? ಬಟನ್ ಇದ್ದರೆ ಸಾಕು.

ಬೆಣ್ಣೆದೋಸೆ · ನವೆಂಬರ್ 20, ಬೆಳಗ್ಗೆ 9:52

ಜಿಪ್ ಇದ್ದರೆ ಇನ್ನೂ ಒಳ್ಳೆಯದು.

ಎಡಿಸನ್ ಅಕ್ಕಾ, ಮರೆಯುವ ಮೊದಲು: ಸಾಕರ್ ಬಾಲ್‌ಗೂ ಸೈಜ್ ಇದೆ. 8ರಿಂದ 12 ವರ್ಷದವರಿಗೆ ಸೈಜ್ 4. ಅಂಗಡಿಯಲ್ಲಿ ಕಣ್ಣಿಗೆ ಮೊದಲು ಬೀಳುವುದು 5, ಅದು ದೊಡ್ಡವರದು. ಶೂ ವಿಷಯದಲ್ಲಿ ಸುಟ್ಟುಕೊಂಡವನು ಹೇಳುತ್ತಿದ್ದೇನೆ.

ಎಡಿಸನ್_ಅಮ್ಮ · ಡಿಸೆಂಬರ್ 1, ರಾತ್ರಿ 10:10

ಕೊಟ್ಟು ಬಂದ ಮೇಲೆ ಬರೆಯೋಣ ಅಂತಿದ್ದೆ, ತಡೆಯಲು ಆಗಲಿಲ್ಲ. ನಾಳೆ ಕೊಡುತ್ತಿದ್ದೇವೆ.

ಕೋಟು 24.99. ನೀಲಿ, ಟೋಪಿ ಇದೆ, ಜಿಪ್ ಇದೆ. ಶುಕ್ರವಾರ ಬೆಳಗ್ಗೆ ಏಳಕ್ಕೆ ಅಂಗಡಿ ಬಾಗಿಲಲ್ಲಿದ್ದೆವು. ಸೈಜ್ 4 ಬಾಲು 9.99, ಟ್ಯಾಕ್ಸ್ ಸೇರಿ 10.65. ಉಳಿದದ್ದಕ್ಕೆ ಡಾಲರ್ ಟ್ರೀ ಅನ್ನುವ ಅಗ್ಗದ ಅಂಗಡಿಗೆ ಹೋದೆವು. ಹೆಸರು ಡಾಲರ್, ನಾವು ಒಂದೊಂದಕ್ಕೆ ಕೊಟ್ಟದ್ದು ಒಂದೂಕಾಲು. ಪ್ಲಾಸ್ಟಿಕ್ ಡೈನೋಸಾರ್ ಎರಡು ಪ್ಯಾಕೆಟ್, ಬಣ್ಣದ ಕಾಗದ ಒಂದು ಸುರುಳಿ, ಟ್ಯಾಕ್ಸ್ ಸೇರಿ ಒಟ್ಟು 4 ಡಾಲರ್. ಎಲ್ಲಾ ಸೇರಿ 39.64. ಶೂ ಆಗಲಿಲ್ಲ. "ಬೇಕಾಗಿರುವುದು" ಅನ್ನುವ ಸಾಲಿನಲ್ಲಿ ಇದ್ದದ್ದು ಕೋಟು ಒಂದೇ, ಸೈಜ್ ಮಾತ್ರ ಬರೆದಿದ್ದರು ಅಂತ ಸಮಾಧಾನ ಮಾಡಿಕೊಂಡೆ.

ಮಗಳು ಅಂಗಡಿಯಲ್ಲಿ ರಿಮೋಟ್ ಡೈನೋಸಾರ್ ಮುಂದೆ ಐದು ನಿಮಿಷ ನಿಂತಳು. ನಾನು ಏನೂ ಹೇಳಲಿಲ್ಲ. ಆಮೇಲೆ ಅವಳೇ ಒಂದು ಉಪಾಯ ಮಾಡಿದಳು. ಸಣ್ಣ ಡೈನೋಸಾರ್‌ಗಳನ್ನು ಕೋಟಿನ ಜೇಬಿನಲ್ಲಿ ಇಡಬೇಕಂತೆ. ಅವನು ಜೇಬಿಗೆ ಕೈ ಹಾಕಿದಾಗ ಸಿಗಬೇಕಂತೆ. "ಈಗ ಕೋಟು ಗಿಫ್ಟ್ ಆಯಿತು" ಅಂದಳು. ಮಿರ್ಚಿ ಅವರೇ, ಹಾಗೆ ಇಟ್ಟರೆ ಗೋದಾಮಿನಲ್ಲಿ ತೊಂದರೆ ಇಲ್ಲ ತಾನೇ?

ಹುಬ್ಬಳ್ಳಿ_ಮಿರ್ಚಿ · ಡಿಸೆಂಬರ್ 2, ಬೆಳಗ್ಗೆ 6:40

ಒಂದು ಪ್ಯಾಕೆಟ್ ಜೇಬಿಗೆ, ಇನ್ನೊಂದು ಹೊರಗೆ ಕಾಣುವ ಹಾಗೆ. ಇಲ್ಲಾಂದ್ರೆ ನಮ್ಮಂಥವರು ಲಿಸ್ಟ್ ನೋಡಿ "ಡೈನೋಸಾರ್ ಬಂದಿಲ್ಲ" ಅಂತ ಬರೆದುಬಿಡುತ್ತೇವೆ. ಪ್ಯಾಕೆಟ್ ಒಡೆಯಬೇಡಿ. ಚೀಟಿಯನ್ನು ಚೀಲದ ಹೊರಗೆ ಗಟ್ಟಿಯಾಗಿ ಅಂಟಿಸಿ. ಮಗಳಿಗೆ ನನ್ನ ಕಡೆಯಿಂದ ಒಂದು ಫೇಡೆ ಬಾಕಿ.

ಸಿಲ್ಕ್‌ಬೋರ್ಡ್_ಸಿಗ್ನಲ್ · ಡಿಸೆಂಬರ್ 3, ಮಧ್ಯಾಹ್ನ 2:15

ನನ್ನ ಕಥೆ ಇನ್ನೂ ಮುಗಿದಿಲ್ಲ. ಶನಿವಾರ ಚಿಕ್ಕಪೇಟೆಗೆ ಹೋಗುತ್ತಿದ್ದೇನೆ. 14 ವರ್ಷದ ಹುಡುಗಿಗೆ ಎಂಥ ವಾಚ್? ಹೆಂಡತಿ ಚಿನ್ನದ ಬಣ್ಣದ ಚೈನ್ ಇರುವುದು ಅಂತಾಳೆ. ನಾನು ಕಪ್ಪು ಬೆಲ್ಟ್, ದೊಡ್ಡ ಅಂಕೆ ಅಂತ. ಪರೀಕ್ಷೆ ಹಾಲಿನಲ್ಲಿ ಟೈಮ್ ನೋಡೋಕೆ ಅನುಕೂಲ.

ಕುಡ್ಲದ_ಕುಸ್ವಾರ್ · ಡಿಸೆಂಬರ್ 3, ಮಧ್ಯಾಹ್ನ 2:31

ನೋಡಿ, ಮತ್ತೆ ಪರೀಕ್ಷೆ ತಂದಿರಿ! ಬಾಲಮಂದಿರಕ್ಕೆ ಒಂದು ಫೋನ್ ಹಾಕಿ, ಅವಳನ್ನೇ ಕೇಳಿಸಿ.

ಸಿಲ್ಕ್‌ಬೋರ್ಡ್_ಸಿಗ್ನಲ್ · ಡಿಸೆಂಬರ್ 4, ಸಂಜೆ 6:20

ಕೇಳಿಸಿದೆ. ನೀಲಿ ಬೆಲ್ಟ್ ಅಂತೆ. ಕತ್ತಲಲ್ಲಿ ಒತ್ತಿದರೆ ಲೈಟ್ ಬರಬೇಕಂತೆ. ಮುಳ್ಳು ಇರುವುದು ಬೇಡವೇ ಬೇಡವಂತೆ.